ರಕ್ತ ತೆಗೆದುಕೊಂಡು ಹೋದರು, ಒಂದು ಕಾಗದ ಕೊಡಲಿಲ್ಲ. ಯಾರನ್ನು ಕೇಳಬೇಕು?

ನಂದಿನಿ_ತೀರ
ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನನ್ನ ದೊಡ್ಡಮ್ಮ ಇರುವುದು ಕಿನ್ನಿಗೋಳಿ ಕಡೆ. ನಲವತ್ತು ವರ್ಷದಿಂದ ಬೀಡಿ ಕಟ್ಟುತ್ತಾರೆ. ಎರಡು ತಿಂಗಳ ಹಿಂದೆ ಯಾವುದೋ ಕಾಲೇಜಿನಿಂದ ಮೂವರು ಬಂದಿದ್ದರಂತೆ. ಇಬ್ಬರು ಹುಡುಗಿಯರು, ಒಬ್ಬ ಹುಡುಗ. ಬೀಡಿ ಕಟ್ಟುವ ಹೆಂಗಸರಿಗೆ ರಕ್ತ ಪರೀಕ್ಷೆ, ಫ್ರೀ, ಅಂದರಂತೆ. ಜಗಲಿಯಲ್ಲಿ ದೊಡ್ಡಮ್ಮನ ಜೊತೆ ಅಕ್ಕಪಕ್ಕದ ಮನೆಯ ನಾಲ್ಕು ಜನ ಬೀಡಿ ಕಟ್ಟುತ್ತಾ ಕೂತಿದ್ದರು. ಅವರೆದುರೇ ಪ್ರಶ್ನೆ ಶುರು. ಎಷ್ಟು ಮಕ್ಕಳು, ಗರ್ಭ ಹೋದದ್ದು ಉಂಟಾ, ಗಂಡ ಕುಡಿಯುತ್ತಾರಾ, ಹೊಡೆಯುತ್ತಾರಾ. ದೊಡ್ಡಮ್ಮ ಎಲೆಯಿಂದ ಕಣ್ಣು ತೆಗೆಯದೆ ಉತ್ತರ ಹೇಳಿದರಂತೆ.

ಆಮೇಲೆ ಮೂರು ಹಾಳೆಯ ಕಾಗದ ಬಂತು. ತೊಡೆ ಮೇಲಿದ್ದ ಮೊರದಲ್ಲೇ, ಹೊಗೆಸೊಪ್ಪಿನ ಹುಡಿ ಒಂದು ಬದಿಗೆ ಸರಿಸಿ, ಕೊನೆಯ ಹಾಳೆ ಮೇಲಿಟ್ಟು "ಇಲ್ಲಿ ಸೈನ್ ಮಾಡಿ ಅಮ್ಮ" ಅಂದರು. ಮಾಡಿದರು. ದೊಡ್ಡಮ್ಮನಿಗೆ ಓದಲು ಬರುತ್ತದೆ, ಏಳನೇ ಕ್ಲಾಸಿನವರೆಗೆ ಹೋದವರು. ಆದರೆ ಮೊದಲ ಎರಡು ಹಾಳೆ ಯಾರೂ ತೋರಿಸಲೇ ಇಲ್ಲ.

ರಿಪೋರ್ಟ್ ಇವತ್ತಿನವರೆಗೆ ಬಂದಿಲ್ಲ. ಯಾವ ಕಾಲೇಜು ಅಂತ ಗೊತ್ತಿಲ್ಲ. ಕೈಯಲ್ಲಿ ಒಂದು ಚೀಟಿ ಇಲ್ಲ. ಮೊನ್ನೆ ಹೋದಾಗ ಕೇಳಿದರು, "ನನ್ನ ನೆತ್ತರು ಎಂತ ಆಯಿತು ಮಗಾ?" ನನಗೆ ಏನು ಹೇಳಬೇಕು ಗೊತ್ತಾಗಲಿಲ್ಲ.

ಸಂಶೋಧನೆಗೆ ಎಥಿಕ್ಸ್ ಕಮಿಟಿಯ, ಅಂದರೆ ಅದರಲ್ಲಿ ಸೇರುವ ಜನರಿಗೆ ಅನ್ಯಾಯ ಆಗದಂತೆ ನೋಡುವ ಸಮಿತಿಯ, ಒಪ್ಪಿಗೆ ಬೇಕು ಅಂತ ಕೇಳಿದ್ದೇನೆ. ಅದು ಇಂಥದಕ್ಕೂ ಬೇಕಾ? ನಾವು ಯಾರನ್ನು ಕೇಳಬೇಕು?

ಸುರತ್ಕಲ್_ಅಣ್ಣ
ಫ್ರೀ ಟೆಸ್ಟ್ ಅಲ್ವಾ, ಬಿಡಿ. ಐದು ಎಂಎಲ್ ರಕ್ತ ಹೋದರೆ ಏನೂ ಆಗುವುದಿಲ್ಲ. ಪಾಪ, ಓದುವ ಮಕ್ಕಳು.

ನಂದಿನಿ_ತೀರ
ಅಣ್ಣ, ರಕ್ತ ಹೋದದ್ದಕ್ಕೆ ಬೇಜಾರಿಲ್ಲ. ನಾಲ್ಕು ಜನರ ಎದುರು ಗಂಡ ಹೊಡೆಯುತ್ತಾರಾ ಅಂತ ಕೇಳಿದ್ದಾರೆ. ಆ ನಾಲ್ಕು ಜನ ನಾಳೆಯೂ ಅದೇ ಜಗಲಿಗೆ ಬರುವವರು.

ಪಿಜಿ_ಎರಡನೇ_ವರ್ಷ
ನಾನು ಕಮ್ಯುನಿಟಿ ಮೆಡಿಸಿನ್ ಪಿಜಿ. ನಿಮ್ಮಲ್ಲಿಗೆ ಬಂದವರು ನಮ್ಮ ಕಡೆಯವರಲ್ಲ, ಆದರೆ ಓದಿ ನಾಚಿಕೆ ಆಯಿತು ಅಕ್ಕ.

ಬೇಕು, ಖಂಡಿತ ಬೇಕು. ಎಂಡಿ ಥೀಸಿಸ್ ಆಗಲಿ, ಎಂಬಿಬಿಎಸ್ ಹುಡುಗರ ಚಿಕ್ಕ ಪ್ರಾಜೆಕ್ಟ್ ಆಗಲಿ, ನರ್ಸಿಂಗಿನವರ ಸರ್ವೆ ಆಗಲಿ, ಮೊದಲು ಕಮಿಟಿಯ ಮುಂದೆ ಹೋಗಬೇಕು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರಲ್ಲಿ ಕೊಟ್ಟ ಮಾರ್ಗಸೂಚಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ನಿಮ್ಮ ದೊಡ್ಡಮ್ಮ ನೋಡದ ಆ ಎರಡು ಹಾಳೆಯೇ ಮಾಹಿತಿ ಪತ್ರ. ಯಾತಕ್ಕೆ ಈ ಅಧ್ಯಯನ, ಏನು ಮಾಡುತ್ತೇವೆ, ತೊಂದರೆ ಏನಾಗಬಹುದು, ಬೇಡ ಅಂದರೂ ನಿಮಗೆ ಸಿಗುವ ಚಿಕಿತ್ಸೆ ತಪ್ಪುವುದಿಲ್ಲ, ಮಧ್ಯದಲ್ಲಿ ಬಿಡಬಹುದು, ಇದೆಲ್ಲ ಅದರಲ್ಲಿರುತ್ತದೆ. ಅಧ್ಯಯನ ಮಾಡುವವರ ಫೋನ್ ನಂಬರ್, ಕಮಿಟಿಯವರ ಫೋನ್ ನಂಬರ್ ಎರಡೂ ಇರಬೇಕು. ಒಂದು ಪ್ರತಿ ದೊಡ್ಡಮ್ಮನ ಕೈಯಲ್ಲಿ ಉಳಿಯಬೇಕಿತ್ತು.

ನಮ್ಮ ಕಡೆಯದ್ದೂ ಹೇಳುತ್ತೇನೆ. ಇನ್ನೂರು ಜನರ ಸ್ಯಾಂಪಲ್ ಆಗಬೇಕು, ಕಾಲೇಜಿನ ಜೀಪು ವಾರಕ್ಕೆ ಒಂದು ದಿನ, ನಾಲ್ಕು ಗಂಟೆಗೆ ವಾಪಸ್. ಒಬ್ಬರಿಗೆ ಸರಿಯಾಗಿ ವಿವರಿಸಲು ಇಪ್ಪತ್ತು ನಿಮಿಷ ಬೇಕು. ಹಾಗಾಗಿ ಬೆರಳಿಟ್ಟು ತೋರಿಸಿ ಸೈನ್ ಹಾಕಿಸುವುದು ಅಭ್ಯಾಸ ಆಗಿಬಿಡುತ್ತದೆ. ಮೊದಲ ವರ್ಷ ನಾನೂ ಒಂದು ಸಲ ಹಾಗೆ ಮಾಡಿದ್ದೇನೆ. ತಪ್ಪು ಅಂತ ಗೊತ್ತಿದ್ದೇ ಮಾಡಿದ್ದು.

ಪಡುಬಿದ್ರೆಯವ
ನಮ್ಮ ಮನೆಗೂ ಬಂದಿದ್ದರು. ಸಕ್ಕರೆ ಕಾಯಿಲೆ ಸರ್ವೆ ಅಂದರು. ಅವರು ಚೆನ್ನಾಗಿ ವಿವರಿಸಿದ್ದರು, ಪ್ರತಿ ಕೊಟ್ಟಿದ್ದರು, ವಾರದಲ್ಲಿ ಫೋನ್ ಮಾಡಿ ರಿಪೋರ್ಟ್ ಹೇಳಿದರು. ಎಲ್ಲರೂ ಒಂದೇ ಥರ ಅಲ್ಲ.

ಕನ್ನಡ_ಟೀಚರ್
ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು, ಈಗ ಉಡುಪಿಯಲ್ಲಿದ್ದೇನೆ. ಐದು ವರ್ಷದಿಂದ ಒಂದು ಎಥಿಕ್ಸ್ ಕಮಿಟಿಯಲ್ಲಿ ಲೇ ಮೆಂಬರ್. ಅಂದರೆ ವೈದ್ಯಕೀಯ ಗೊತ್ತಿಲ್ಲದ ಸಾಮಾನ್ಯ ಸದಸ್ಯೆ. ಅಂಥವರೊಬ್ಬರು ಇರಲೇಬೇಕು ಅಂತ ನಿಯಮ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ (ಜನರ ಮೇಲೆ ಔಷಧದ ಪರೀಕ್ಷೆ) ನಿಯಮದ ಪ್ರಕಾರ ಕಮಿಟಿಯಲ್ಲಿ ಕಡಿಮೆ ಅಂದರೂ ಏಳು ಜನ, ಅದರಲ್ಲಿ ಅರ್ಧ ಜನವಾದರೂ ಆ ಸಂಸ್ಥೆಗೆ ಸಂಬಂಧ ಇಲ್ಲದವರು. ಅಧ್ಯಕ್ಷರೂ ಹೊರಗಿನವರೇ. ಒಬ್ಬರು ಕಾನೂನು ತಿಳಿದವರು, ಒಬ್ಬರಾದರೂ ಮಹಿಳೆ.

ನನ್ನ ಪಾಲಿಗೆ ಬರುವುದು ಕನ್ನಡದ ಒಪ್ಪಿಗೆ ಪತ್ರ. ಮಗಾ, ಅದನ್ನು ಓದಿದರೆ ಅಳು ಬರುತ್ತದೆ. "ನಿಮ್ಮನ್ನು ಯಾದೃಚ್ಛಿಕವಾಗಿ ಎರಡು ಗುಂಪುಗಳಲ್ಲಿ ಒಂದಕ್ಕೆ ಹಂಚಿಕೆ ಮಾಡಲಾಗುವುದು." ಯಾವ ಊರಿನ ಹೆಂಗಸಿಗೆ ಇದು ತಿಳಿಯುತ್ತದೆ? "ಚೀಟಿ ಎತ್ತಿದ ಹಾಗೆ, ಯಾರಿಗೆ ಯಾವ ಔಷಧ ಅಂತ ಅದೃಷ್ಟದ ಮೇಲೆ ಹೋಗುತ್ತದೆ, ಡಾಕ್ಟರು ಆರಿಸುವುದಿಲ್ಲ" ಅಂತ ಬರೆಯಿರಿ ಅಂದೆ. ಐದು ಎಂಎಲ್ ಅಂತ ಇತ್ತು, "ಒಂದು ಟೀ ಚಮಚದಷ್ಟು" ಅಂತ ಮಾಡಿಸಿದೆ. ಒಂದು ಪತ್ರವನ್ನು ನಾಲ್ಕು ಸಲ ವಾಪಸ್ ಕಳಿಸಿದ್ದೂ ಉಂಟು. ಹುಡುಗರಿಗೆ ಸಿಟ್ಟು ಬರುತ್ತದೆ, ಬರಲಿ.

ನಿಮ್ಮ ದೊಡ್ಡಮ್ಮನ ವಿಷಯದಲ್ಲಿ ನನಗೆ ಜಾಸ್ತಿ ಚುಚ್ಚಿದ್ದು ಜಗಲಿ. ಹೊಡೆತ, ಕುಡಿತದ ಪ್ರಶ್ನೆ ಇದ್ದರೆ ನಾವು ಮೊದಲು ಕೇಳುವುದೇ "ಎಲ್ಲಿ ಕೂತು ಕೇಳುತ್ತೀರಿ?" ಅಂತ. ಆಮೇಲೆ ಕೇಳುವುದು, ಆಕೆ ಹೌದು ಅಂದರೆ ನೀವು ಏನು ಮಾಡುತ್ತೀರಿ? ಯಾರ ಹತ್ತಿರ ಕಳಿಸುತ್ತೀರಿ? ಉತ್ತರ ಇಲ್ಲದಿದ್ದರೆ ಆ ಪ್ರಶ್ನೆ ತೆಗೆಯಿರಿ ಅನ್ನುತ್ತೇವೆ.

ಸುರತ್ಕಲ್_ಅಣ್ಣ
ಟೀಚರ್, ನಿಮ್ಮ ಬಗ್ಗೆ ಗೌರವ ಉಂಟು. ಆದರೆ ಒಂದು ಮಾತು. ಮಂಗಳೂರಿನಲ್ಲಿ ಮಲೇರಿಯ ಯಾವ ಮಟ್ಟಕ್ಕೆ ಇತ್ತು, ನಮ್ಮ ವಯಸ್ಸಿನವರಿಗೆ ಗೊತ್ತು. ಕಟ್ಟಡ ಕೆಲಸದ ಸೈಟಿಗೆ ಹೋಗಿ, ಮನೆ ಮನೆಗೆ ಹೋಗಿ ರಕ್ತ ತೆಗೆದೇ ಕಡಿಮೆ ಮಾಡಿದ್ದಲ್ವಾ? ಆಗ ಒಬ್ಬೊಬ್ಬರಿಗೂ ಮೂರು ಹಾಳೆ ಓದಿ ಹೇಳಿದ್ದರೆ ಆಗುತ್ತಿತ್ತಾ?

ಪಿಜಿ_ಎರಡನೇ_ವರ್ಷ
ಅದು ಬೇರೆ, ಇದು ಬೇರೆ ಅಣ್ಣ. ಜ್ವರ ಬಂದವರ ರಕ್ತದ ಲೇಪನ ತೆಗೆದು, ಮಲೇರಿಯ ಇದ್ದರೆ ಮಾತ್ರೆ ಕೊಡುವುದು ಆರೋಗ್ಯ ಇಲಾಖೆಯ ದಿನದ ಕೆಲಸ. ಅದು ಆ ರೋಗಿಗೇ ಉಪಯೋಗ. ಸಂಶೋಧನೆ ಅಂದರೆ ಒಂದು ಪ್ರಶ್ನೆಗೆ ಉತ್ತರ ಹುಡುಕಲು ಆಕೆಯ ರಕ್ತ ಬಳಸುವುದು. ಆಕೆಗೆ ಲಾಭ ಆಗಬಹುದು, ಆಗದಿರಬಹುದು. ಅದಕ್ಕೇ ಕೇಳಬೇಕು. "ಫ್ರೀ ಚೆಕಪ್" ಅಂತ ಹೇಳಿ ಸಂಶೋಧನೆ ಮಾಡಿದರೆ ಅದು ಮೋಸ.

ಆಶಾ_ಬಂಟ್ವಾಳ
ನಾನು ಆಶಾ ಕಾರ್ಯಕರ್ತೆ. ಕಾಲೇಜಿನವರು ಬಂದಾಗ ದಾರಿ ತೋರಿಸಲು ನಮ್ಮನ್ನೇ ಕರೆಯುತ್ತಾರೆ. ನಾವು ಜೊತೆಗಿದ್ದರೆ ಮನೆಯವರು ಇಲ್ಲ ಅನ್ನುವುದಿಲ್ಲ. ಬಾಣಂತನಕ್ಕೆ, ಚುಚ್ಚುಮದ್ದಿಗೆ ನಾವೇ ಬರುವವರಲ್ವಾ, ಆ ದಾಕ್ಷಿಣ್ಯ. ಆಮೇಲೆ ರಿಪೋರ್ಟ್ ಬರದಿದ್ದರೆ ದಾರಿಯಲ್ಲಿ ನಿಲ್ಲಿಸಿ ಕೇಳುವುದೂ ನಮ್ಮನ್ನೇ.

ನಂದಿನಿ ಅವರೇ, ನಿಮ್ಮೂರಿನ ಆಶಾಗೆ ಖಂಡಿತ ಗೊತ್ತಿರುತ್ತದೆ ಯಾರು ಬಂದಿದ್ದರು ಅಂತ. ಅಲ್ಲಿಂದ ಶುರು ಮಾಡಿ. ಪಿಎಚ್‌ಸಿಯಲ್ಲೂ ಸಾಮಾನ್ಯವಾಗಿ ಹೇಳಿಯೇ ಹೋಗುತ್ತಾರೆ.

ಕುಡ್ಲದ_ಮಾಣಿ
ನನ್ನ ಪ್ರಶ್ನೆ ಬೇರೆ. ಫಾರ್ಮ್ ಯಾಕೆ ಬರೀ ಕನ್ನಡದಲ್ಲಿ? ನಮ್ಮಲ್ಲಿ ಮನೆಯೊಳಗೆ ತುಳು, ಬ್ಯಾರಿ, ಕೊಂಕಣಿ. ನನ್ನ ಅಜ್ಜಿಗೆ ಕನ್ನಡ ಅಂದರೆ ಶಾಲೆಯ ಭಾಷೆ, ಆಫೀಸಿನ ಭಾಷೆ. ಕನ್ನಡದಲ್ಲಿ ಕಾಗದ ಓದಿದರೆ ಸರ್ಕಾರದವರು ಬಂದಿದ್ದಾರೆ ಅಂತ ಹೆದರಿ ಹೂಂ ಅನ್ನುತ್ತಾರೆ.

ಕನ್ನಡ_ಟೀಚರ್
ನೂರಕ್ಕೆ ನೂರು ಸರಿ. ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು ಅಂತಲೇ ನಿಯಮ. ಕಾಗದ ಕನ್ನಡದಲ್ಲಿದ್ದರೂ ಮಾತು ತುಳುವಿನಲ್ಲಿ ಆಗಬೇಕು. ಓದಲು ಬಾರದವರಾದರೆ ಸಾಕ್ಷಿ ಒಬ್ಬರು ಮೊದಲಿಂದ ಕೊನೆಯವರೆಗೆ ಅಲ್ಲಿದ್ದು ಸಹಿ ಮಾಡಬೇಕು, ಅಧ್ಯಯನ ಮಾಡುವವರ ಕಡೆಯವರು ಸಾಕ್ಷಿ ಆಗುವಂತಿಲ್ಲ. ಹೆಬ್ಬೆಟ್ಟು ಒತ್ತಿಸಿಕೊಂಡರೆ ಮುಗಿಯಲಿಲ್ಲ.

ಕಾರ್ಕಳ_ಮಳೆ
ತುಳುವಿನಲ್ಲೇ ಬರೆಸಬಹುದಲ್ಲ, ಕನ್ನಡ ಲಿಪಿಯಲ್ಲಿ?

ಕುಡ್ಲದ_ಮಾಣಿ
ತುಳುವಿಗೆ ಅದರದ್ದೇ ಲಿಪಿ ಉಂಟು.

ಕಾರ್ಕಳ_ಮಳೆ
ಉಂಟು ಮಾರಾಯ್ರೆ, ನಾನೇ ಕಲಿಯುತ್ತಿದ್ದೇನೆ. ಆದರೆ ನಿಮ್ಮ ಅಜ್ಜಿಗೆ ಅದು ಓದಲು ಬರುತ್ತದಾ? ಇದು ಓದಿ ತಿಳಿದುಕೊಳ್ಳುವ ಕಾಗದ.

ಕುಡ್ಲದ_ಮಾಣಿ
ಬರುವುದಿಲ್ಲ, ಒಪ್ಪಿದೆ. ಆದರೂ ಲಿಪಿಯ ಮಾತು ಬಂದಾಗಲೆಲ್ಲ ನಾವೇ ಬಿಟ್ಟುಕೊಡಬೇಕಾಗುತ್ತದೆ, ಅದು ನೋವು.

ನಿರ್ವಾಹಕ
ಲಿಪಿಯ ಚರ್ಚೆಗೆ ಬೇರೆ ಎಳೆ ಉಂಟು, ಅಲ್ಲಿಗೆ ಬನ್ನಿ. ಇಲ್ಲಿ ನಂದಿನಿ ಅವರ ಪ್ರಶ್ನೆ ಮುಂದುವರಿಯಲಿ.

ಬೈಂದೂರು_ರೈತ
ಇದಕ್ಕೇ ನಾನು ಯಾವ ಸರ್ವೆಯವರನ್ನೂ ಒಳಗೆ ಬಿಡುವುದಿಲ್ಲ. ಆಂಧ್ರದಲ್ಲಿ ಗರ್ಭಕೊರಳಿನ ಕ್ಯಾನ್ಸರಿನ ಲಸಿಕೆ ಅಂತ ಹೇಳಿ ಬಡ ಹುಡುಗಿಯರಿಗೆ ಚುಚ್ಚಿ ಕೊಂದರಲ್ಲ, ನೆನಪುಂಟಾ?

ವಕೀಲ_ಬಲ್ಮಠ
ಸ್ವಾಮಿ, ಇದನ್ನು ತಿದ್ದಲೇಬೇಕು, ತಪ್ಪು ಸುದ್ದಿ ಹೋಗಬಾರದು. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ 10ರಿಂದ 14 ವರ್ಷದ ಹುಡುಗಿಯರಿಗೆ ಆ ಎಚ್‌ಪಿವಿ ಲಸಿಕೆ ಕೊಟ್ಟದ್ದು ನಿಜ. ಏಳು ಹುಡುಗಿಯರು ತೀರಿಹೋದದ್ದು ನಿಜ. ಆದರೆ ಒಬ್ಬಳು ನೀರಿನಲ್ಲಿ ಮುಳುಗಿ, ಒಬ್ಬಳು ಹಾವು ಕಚ್ಚಿ, ಹೀಗೆ. ಸಾವಿಗೂ ಲಸಿಕೆಗೂ ಸಂಬಂಧ ಕಂಡಿಲ್ಲ ಅಂತ ತನಿಖೆ ಹೇಳಿತು. ಲಸಿಕೆ ಒಳ್ಳೆಯದೇ, ನನ್ನ ಮಗಳಿಗೆ ಹಾಕಿಸಿದ್ದೇನೆ.

ತಪ್ಪು ನಡೆದದ್ದು ಒಪ್ಪಿಗೆಯಲ್ಲಿ. ಅಪ್ಪ ಅಮ್ಮನ ಬದಲು ಹಾಸ್ಟೆಲ್ ವಾರ್ಡನ್, ಹೆಡ್‌ಮಾಸ್ಟರ್ ಸಹಿ ಹಾಕಿದ್ದರು. 2010ರಲ್ಲಿ ಕೆಲಸ ನಿಲ್ಲಿಸಿದರು, 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಬಹಳ ಕಟುವಾಗಿ ಬರೆಯಿತು. ಪರಿಣಾಮ ನೋಡಿ. ನಿಮ್ಮಂಥವರ ಮನಸ್ಸಿನಲ್ಲಿ "ಲಸಿಕೆ ಕೊಂದಿತು" ಅಂತ ಉಳಿದುಹೋಯಿತು. ಒಪ್ಪಿಗೆ ಸರಿಯಾಗಿ ತೆಗೆದುಕೊಳ್ಳದಿದ್ದರೆ ಒಳ್ಳೆಯ ಔಷಧದ ಮೇಲೂ ಜನಕ್ಕೆ ನಂಬಿಕೆ ಹೋಗುತ್ತದೆ.

ಅದೇ 2013ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಔಷಧದ ಟ್ರಯಲ್ ಬಗ್ಗೆ ಸ್ವಾಸ್ಥ್ಯ ಅಧಿಕಾರ ಮಂಚ್ ಅನ್ನುವ ಸಂಘಟನೆಯ ಕೇಸ್ ನಡೆಯುತ್ತಿತ್ತು. ಒಪ್ಪಿಗೆ ಪಡೆಯುವುದನ್ನು ವಿಡಿಯೋ ಮಾಡಬೇಕು ಅನ್ನುವುದು ಬಂದದ್ದು ಆ ಹೊತ್ತಿನಲ್ಲೇ. ಈಗ ಹೊಚ್ಚ ಹೊಸ ಔಷಧದ ಟ್ರಯಲ್‌ನಲ್ಲಿ ದುರ್ಬಲ ಸ್ಥಿತಿಯ ಜನ ಇದ್ದರೆ ವಿಡಿಯೋ ಕಡ್ಡಾಯ. ಎಚ್‌ಐವಿ, ಕುಷ್ಠದ ಔಷಧವಾದರೆ ಮುಖ ಬೇಡ, ಧ್ವನಿ ಸಾಕು. ಬೀಡಿ ಕಟ್ಟುವವರ ಸರ್ವೆಗೆ ಇದು ಅನ್ವಯ ಆಗುವುದಿಲ್ಲ, ಮಾಹಿತಿಗೆ ಹೇಳಿದೆ.

ಬೈಂದೂರು_ರೈತ
ಸರಿ ಸರ್, ನಾನು ತಪ್ಪು ತಿಳಿದಿದ್ದೆ. ಆದರೂ ವಾರ್ಡನ್ ಸಹಿ ಹಾಕಿದ್ದು ಕೇಳಿ ಸಿಟ್ಟು ಇನ್ನೂ ಜಾಸ್ತಿ ಆಯಿತು.

ಮಲ್ಪೆ_ಬಂದರು
ನಮ್ಮಲ್ಲೂ ಇದೇ ಕಥೆ. ಬೋಟಿನಲ್ಲಿ ಕೆಲಸ ಮಾಡುವವರು ಒಡಿಶಾ, ಜಾರ್ಖಂಡ್ ಕಡೆಯ ಹುಡುಗರು ತುಂಬಾ ಉಂಟು. ಸರ್ವೆಯವರು ಬಂದರೆ ಬೋಟಿನ ಮಾಲೀಕರನ್ನು ಕೇಳುತ್ತಾರೆ. ಮಾಲೀಕ ಹೂಂ ಅಂದರೆ ಸಾಲಾಗಿ ಕೂರಿಸುತ್ತಾರೆ. ಕೆಲಸ ಕೊಟ್ಟವನು ಎದುರು ನಿಂತಿರುವಾಗ ಹುಡುಗ ಬೇಡ ಅನ್ನುತ್ತಾನಾ? ಭಾಷೆಯೂ ಬರುವುದಿಲ್ಲ. ಮೀನು ಹಿಡಿಯುವಂತಿಲ್ಲದ ಮಳೆಗಾಲದ 61 ದಿನದ ರಜೆಯಲ್ಲಿ ಪುರುಸೊತ್ತಾಗಿ ಮಾತಾಡೋಣ ಅಂದರೆ ಅವರು ಊರಿಗೆ ಹೋಗಿರುತ್ತಾರೆ.

ಕನ್ನಡ_ಟೀಚರ್
ಮಾಲೀಕರ ಅನುಮತಿ ಬಂದರಿನೊಳಗೆ ಬರಲು ಮಾತ್ರ. ಹುಡುಗನ ಒಪ್ಪಿಗೆ ಹುಡುಗನೇ ಕೊಡಬೇಕು, ಮಾಲೀಕರು ದೂರ ಇರುವಾಗ. ಮಕ್ಕಳ ವಿಷಯದಲ್ಲೂ ಹಾಗೆ. ಅಪ್ಪ ಅಮ್ಮ ಒಪ್ಪಿದರೂ ಏಳು ವರ್ಷ ದಾಟಿದ ಮಗುವನ್ನು ಬಾಯಿಮಾತಿನಲ್ಲಿ ಕೇಳಬೇಕು, ಹನ್ನೆರಡು ದಾಟಿದರೆ ಬರವಣಿಗೆಯಲ್ಲಿ.

ಕೊಕ್ಕಡ_ಹುಡುಗ
ನಾನು ಇಲ್ಲಿ ಬರೆಯುವುದು ಕಡಿಮೆ. ಇವತ್ತು ಬರೆಯಬೇಕು ಅನಿಸಿತು.

ನಮ್ಮದು ಎಂಡೋಸಲ್ಫಾನ್ ಕೀಟನಾಶಕಕ್ಕೆ ತುತ್ತಾದ ಊರು. ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಹೊಡೆದದ್ದು, 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧ ಮಾಡಿದ್ದು ಎಲ್ಲರಿಗೂ ಗೊತ್ತು. ನನ್ನ ತಮ್ಮ ಮಲಗಿದಲ್ಲೇ ಇದ್ದಾನೆ. ಎಷ್ಟು ಜನ ಬಂದರು ಅಂತ ಅಮ್ಮ ಲೆಕ್ಕ ಬಿಟ್ಟಿದ್ದಾಳೆ. ಕಾಲೇಜಿನವರು, ಸಂಘದವರು, ಪತ್ರಿಕೆಯವರು. ಯಾರು ಸಂಶೋಧನೆಗೆ, ಯಾರು ಸುದ್ದಿಗೆ, ಯಾರು ಸಹಾಯಕ್ಕೆ ಅಂತ ಅಮ್ಮನಿಗೆ ಗೊತ್ತಾಗುತ್ತಿರಲಿಲ್ಲ. ಎಲ್ಲರಿಗೂ ತಮ್ಮನ ಚಾದರ ಸರಿಸಿ ಕಾಲು ತೋರಿಸಿದಳು. ಪ್ರತಿ ಸಲ ಹುಟ್ಟಿದಾಗಿನಿಂದ ಕಥೆ ಹೇಳಿದಳು. ಒಂದು ದಿನ ಅವನ ಫೋಟೋ ಒಂದು ಪುಸ್ತಕದಲ್ಲಿ ನೋಡಿದೆ. ಮುಖ ಮುಚ್ಚಿರಲಿಲ್ಲ. ಯಾರೂ ಕೇಳಿರಲಿಲ್ಲ.

ಈಗ ಯಾರಾದರೂ ಬಂದರೆ ಅಮ್ಮ ಚಾ ಕೊಡುತ್ತಾಳೆ, ಚಾದರ ಸರಿಸುವುದಿಲ್ಲ.

ಪಿಜಿ_ಎರಡನೇ_ವರ್ಷ
ಕ್ಷಮಿಸಿ ಅಣ್ಣ. ಇದನ್ನು ನಮ್ಮ ಬ್ಯಾಚಿನ ಗುಂಪಿನಲ್ಲಿ ಹೆಸರಿಲ್ಲದೆ ಹಾಕಬಹುದಾ? ನೀವು ಬೇಡ ಅಂದರೆ ಹಾಕುವುದಿಲ್ಲ.

ಕೊಕ್ಕಡ_ಹುಡುಗ
ಊರಿನ ಹೆಸರೂ ತೆಗೆದು ಹಾಕಿ. ಕೇಳಿದ್ದಕ್ಕೆ ಸಂತೋಷ.

ಎಂಎಸ್‌ಡಬ್ಲ್ಯೂ_ಓದು
ನಾನು ಸಮಾಜಕಾರ್ಯ ಎರಡನೇ ವರ್ಷ. ನಮ್ಮದು ಡಿಗ್ರಿ ಕಾಲೇಜಿನ ಪಿಜಿ ವಿಭಾಗ, ಎಥಿಕ್ಸ್ ಕಮಿಟಿಯೇ ಇಲ್ಲ. ರಕ್ತ ತೆಗೆಯುವುದಿಲ್ಲ, ಮಾತಾಡಿಸುವುದು ಮಾತ್ರ, ಯಾತಕ್ಕೆ ಬೇಕು ಅನ್ನುತ್ತಾರೆ. ನನ್ನ ವಿಷಯ ಸಾಲ ಮತ್ತು ಸ್ವಸಹಾಯ ಗುಂಪಿನ ಹೆಂಗಸರು. ಅರ್ಧ ಸಂದರ್ಶನ ಮುಗಿದಿದೆ. ಈಗ ಒಪ್ಪಿಗೆ ತೆಗೆದುಕೊಳ್ಳಬಹುದಾ?

ಕನ್ನಡ_ಟೀಚರ್
ಮುಗಿದದ್ದಕ್ಕೆ ಯಾವ ಕಮಿಟಿಯೂ ಹಿಂದಿನಿಂದ ಒಪ್ಪಿಗೆ ಕೊಡುವುದಿಲ್ಲ ಮಗಳೇ. ಉಳಿದದ್ದನ್ನು ನಿಲ್ಲಿಸಿ, ನಿನ್ನ ಗೈಡ್ ಹತ್ತಿರ ನೇರ ಹೇಳು. ಕಮಿಟಿ ಇಲ್ಲದ ಸಂಸ್ಥೆಯವರು ಬೇರೆ ಸಂಸ್ಥೆಯ ಕಮಿಟಿ ಜೊತೆ ಒಪ್ಪಂದ ಮಾಡಿಕೊಳ್ಳಬಹುದು. ಔಷಧದ ಟ್ರಯಲ್ ಆದರೆ ಆ ಕಮಿಟಿ ಅದೇ ಊರಿನಲ್ಲಿ ಅಥವಾ 50 ಕಿ.ಮೀ. ಒಳಗೆ ಇರಬೇಕು ಅಂತ ಉಂಟು. ನಿನ್ನದು ಅದಲ್ಲ.

ಮಾತಾಡಿಸುವುದು ಮಾತ್ರ ಅನ್ನುವವರಿಗೆ ಈ ಎಳೆಯ ಮೊದಲ ಪೋಸ್ಟ್ ತೋರಿಸು. ದೊಡ್ಡಮ್ಮನಿಗೆ ನೋವಾದದ್ದು ಸೂಜಿಯಿಂದಲ್ಲ. ಸಾಲದ ವಿಷಯ ಗುಂಪಿನಲ್ಲಿ ಬಾಯಿ ಬಿಟ್ಟರೆ ಊರಲ್ಲಿ ಮರ್ಯಾದೆ ಹೋಗುತ್ತದೆ.

ಸುರತ್ಕಲ್_ಅಣ್ಣ
ನಾನು ಮೊದಲು ಬರೆದದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ ನಂದಿನಿ. ಒಂದು ಮಾತು ಮಾತ್ರ ಬಿಡುವುದಿಲ್ಲ. ಬಂದವರು ದುಷ್ಟರಲ್ಲ, ಕಲಿಸಿದವರು ಕಲಿಸಲಿಲ್ಲ. ಅವರ ಮೇಲೆ ಕೂಗಾಡಬೇಡಿ.

ಕುಡ್ಲದ_ಮಾಣಿ
ದೊಡ್ಡಮ್ಮನಿಗೆ ಅರ್ಧ ದಿನದ ಬೀಡಿ ಹೋಯಿತಲ್ಲ, ಅದರ ದುಡ್ಡು?

ಪಿಜಿ_ಎರಡನೇ_ವರ್ಷ
ಬಸ್ ಚಾರ್ಜು, ಹೋದ ಕೂಲಿ ಕೊಡಬಹುದು, ಕೊಡಬೇಕು ಕೂಡ. ದುಡ್ಡಿನ ಆಸೆಗೆ ಒಪ್ಪುವಷ್ಟು ಜಾಸ್ತಿ ಕೊಡಬಾರದು. ಎಷ್ಟು ಅಂತ ಕಮಿಟಿಯೇ ನೋಡುತ್ತದೆ. ನಮ್ಮಲ್ಲಿ ಹೆಚ್ಚಿನವರು ಬಜೆಟ್ಟಿನಲ್ಲಿ ಅದನ್ನು ಬರೆಯುವುದೇ ಇಲ್ಲ.

ನಂದಿನಿ_ತೀರ
ಎಲ್ಲರಿಗೂ, ಏನಾಯಿತು ಅಂತ ಹೇಳುತ್ತೇನೆ.

ಆಶಾ ಅಕ್ಕ ಹೇಳಿದ ಹಾಗೆ ಊರಿನ ಆಶಾ ಹತ್ತಿರ ಹೋದೆ. ಬಂದಿದ್ದ ಹುಡುಗಿಯರಲ್ಲಿ ಒಬ್ಬಳ ನಂಬರ್ ಸಿಕ್ಕಿತು. ಕೂಗಾಡಲಿಲ್ಲ ಸುರತ್ಕಲ್ ಅಣ್ಣ. ಆ ಹುಡುಗಿ ಫೋನಿನಲ್ಲೇ ಅತ್ತಳು. ಕಮಿಟಿಯ ಒಪ್ಪಿಗೆ ಇತ್ತಂತೆ, ಕಾಗದದಲ್ಲಿ ಎಲ್ಲ ಸರಿಯಾಗಿ ಇತ್ತಂತೆ. ಪ್ರಶ್ನೆಗಳನ್ನು ಒಬ್ಬೊಬ್ಬರನ್ನೇ ಒಳಗೆ ಕೂರಿಸಿ ಕೇಳಬೇಕು ಅಂತಲೂ ಬರೆದಿತ್ತಂತೆ. ಕಮಿಟಿಯ ಸದಸ್ಯ ಕಾರ್ಯದರ್ಶಿಗೆ ನಾನು ಪತ್ರ ಬರೆದೆ, ನಡೆದದ್ದು ನಡೆದ ಹಾಗೆ. ಉತ್ತರ ಬಂದಿದೆ, ಮುಂದಿನ ಸಭೆಗೆ ಇಡುತ್ತಾರಂತೆ.

ಭಾನುವಾರ ಆ ಹುಡುಗಿ, ಅವಳ ಗೈಡ್ ಮೇಡಂ ಇಬ್ಬರೂ ಮನೆಗೆ ಬಂದಿದ್ದರು. ಈ ಸಲ ಒಳಗಿನ ಕೋಣೆ, ಬಾಗಿಲು ಮುಚ್ಚಿ. ಮೇಡಂ ಮೂರೂ ಹಾಳೆ ತುಳುವಿನಲ್ಲಿ ಹೇಳಿದರು. ದೊಡ್ಡಮ್ಮ ಬೀಡಿ ಕೆಳಗಿಟ್ಟು ಕೇಳಿದರು. ಮಧ್ಯದಲ್ಲಿ ಬಿಡಬಹುದು ಅನ್ನುವಲ್ಲಿ ನಿಲ್ಲಿಸಿ, "ಈಗಲೂ ಬಿಡಬಹುದಾ?" ಅಂದರು. ಹೌದು ಅಂದರು ಮೇಡಂ. ದೊಡ್ಡಮ್ಮ ಸ್ವಲ್ಪ ಹೊತ್ತು ಯೋಚನೆ ಮಾಡಿ ಹೇಳಿದರು, "ನೆತ್ತರು ಇಟ್ಟುಕೊಳ್ಳಿ. ಗಂಡನ ವಿಷಯ ಹೇಳಿದ್ದನ್ನು ಹೊಡೆದು ಹಾಕಿ." ಅವರೆದುರೇ ಆ ಪುಟಕ್ಕೆ ಅಡ್ಡ ಗೆರೆ ಎಳೆದು ಮೇಡಂ ಸಹಿ ಮಾಡಿದರು. ಲ್ಯಾಪ್‌ಟಾಪಿನಲ್ಲೂ ಅಳಿಸಿದರು.

ಕಾಗದದ ಪ್ರತಿ ಈಗ ದೊಡ್ಡಮ್ಮನ ಟ್ರಂಕಿನಲ್ಲಿ ಉಂಟು, ಬ್ರಾಂಚಿನ ಪಿಎಫ್ ಚೀಟಿಯ ಜೊತೆ.

ಆಶಾ_ಬಂಟ್ವಾಳ
ರಿಪೋರ್ಟ್ ಕೊಟ್ಟರಾ? ಎಚ್‌ಬಿ, ಅಂದರೆ ಹಿಮೋಗ್ಲೋಬಿನ್, ಎಷ್ಟು?

ನಂದಿನಿ_ತೀರ
9.2 ಅಕ್ಕ. ಎರಡು ತಿಂಗಳು ಅದು ಅವರ ಕಂಪ್ಯೂಟರಿನಲ್ಲಿ ಬರೆದೇ ಇತ್ತು.

ಆಶಾ_ಬಂಟ್ವಾಳ
12 ಇರಬೇಕಿತ್ತು. ನಾಳೆಯೇ ಪಿಎಚ್‌ಸಿಗೆ ಕರೆದುಕೊಂಡು ಹೋಗಿ, ಡಾಕ್ಟರು ನೋಡಿ ಕಬ್ಬಿಣದ ಮಾತ್ರೆ ಕೊಡುತ್ತಾರೆ. ಊಟ ಆದ ಕೂಡಲೇ ಚಾ ಕುಡಿಯಬೇಡಿ ಅಂತ ಹೇಳಿ. ಆ ಜಗಲಿಯ ಉಳಿದ ನಾಲ್ಕು ಜನರದ್ದೂ ರಕ್ತ ತೆಗೆದಿದ್ದರೆ, ಅವರ ರಿಪೋರ್ಟ್ ಕೂಡ ಕೇಳಿ.

ನಂದಿನಿ_ತೀರ
ತೆಗೆದಿದ್ದಾರೆ. ಈಗಲೇ ಫೋನ್ ಮಾಡುತ್ತೇನೆ.